ಆಲ್ಕೊಳ ವೃತ್ತದಲ್ಲಿ ನನ್ನ ಸೈಕಲ್ ಪರೀಕ್ಷೆ

ಬೆಳಗಿನ ಒಂಬತ್ತು ಗಂಟೆ. ಮೋಡವಿಲ್ಲದ ಆಕಾಶ. ಹಾಜರಿದ್ದವರು: ಸೈಕಲ್ ಮೇಲೆ ನಾನು, ಹಿಂದೆ ಸ್ಕೂಟರಿನಲ್ಲಿ ಮಗಳು, ಅವಳ ಹಿಂದೆ ಕುಳಿತ ನನ್ನ ಹೆಂಡತಿ.

ಎಪ್ಪತ್ತು ದಾಟಿದವರಿಗೆ ಸೈಕಲ್ ಸಲ್ಲದೆಂದು ತಾಯಿ ಮಗಳು ಒಟ್ಟಾಗಿ ತೀರ್ಮಾನಿಸಿದ್ದರು. ನಾನು ಒಪ್ಪಲಿಲ್ಲ. ಗೋಪಾಳದ ನಮ್ಮ ಮನೆಯಿಂದ ಆಲ್ಕೊಳ ವೃತ್ತದವರೆಗೆ ಹಿಂದೆಯೇ ಬಂದು ನೋಡಿ, ಒಂದು ತಪ್ಪು ಕಂಡರೂ ಸೈಕಲ್ ಮಾರಿಬಿಡಿ ಎಂದೆ.

ವೃತ್ತದಲ್ಲಿ ನನ್ನ ಬಲಕ್ಕೆ ಒಂದು ಕಾರು ಬಂತು. ಇಂಡಿಕೇಟರ್ ಹಾಕಿರಲಿಲ್ಲ. ನಾನು ಇಂಡಿಕೇಟರನ್ನು ಎಂದೂ ನಂಬುವವನಲ್ಲ. ಕಾರಿನ ಮುಂದಿನ ಚಕ್ರವನ್ನು ನೋಡುತ್ತೇನೆ. ಅದು ಎಡಕ್ಕೆ ಹೊರಳಲಾರಂಭಿಸಿತ್ತು. ಬ್ರೇಕ್ ಹಿಡಿದೆ.

“ಅವನು ನೇರ ಹೋಗ್ತಾನೆ, ಸುಮ್ಮನೆ ಯಾಕಪ್ಪಾ ನಿಂತ್ರಿ?” ಎಂದು ಮಗಳು ಹಾರ್ನ್ ಒತ್ತಿದಳು. ನಾನು ಕದಲಲಿಲ್ಲ. ಅವಳು ನನ್ನನ್ನು ದಾಟಿ ನುಗ್ಗಿದಳು. ಕಾರು ಗಕ್ಕನೆ ಎಡಕ್ಕೆ ತಿರುಗಿತು. ಸ್ಕೂಟರ್ ಅದರ ಬಾಗಿಲಿನಿಂದ ಗೇಣುದ್ದ ದೂರದಲ್ಲಿ ಕಿರ್ರೆಂದು ನಿಂತಿತು.

“ಕಣ್ಣು ಕಾಣಲ್ವೇನಮ್ಮಾ?” ಎಂದು ಚಾಲಕ ಮಗಳನ್ನೇ ಗದರಿಸಿ ಹೊರಟುಹೋದ.

ಹೆಂಡತಿ ಸ್ಕೂಟರಿನಿಂದ ಇಳಿದು, ಸೆರಗು ಸರಿಪಡಿಸಿಕೊಂಡು, ನನ್ನ ಸೈಕಲಿನ ಕ್ಯಾರಿಯರ್ ಮೇಲೆ ಕುಳಿತು ತೀರ್ಪು ಕೊಟ್ಟಳು: “ನಡೀರಿ. ವಾಪಸ್ ನಾನು ಇದ್ರಲ್ಲೇ ಬರ್ತೀನಿ.”