ವತ್ಸನಾಭಿಗೆ ನಾಲಿಗೆಯೊಡ್ಡುವ ಮೌ ಅಕ್ಕ

ಬೆಳಗಿನ ಐದೂಕಾಲು. ಸಿಚುವಾನಿನ ಜಿಯಾಂಗ್ಯೋದಲ್ಲಿ, ಹಳೇ ಸೇತುವೆ ಬೀದಿಯ ಗಿಡಮೂಲಿಕೆ ಚಿಕಿತ್ಸಾಲಯದ ಹಿತ್ತಲಲ್ಲಿ ಮೌ ಶುಛಿನ್ ಅಲುಗಾಡದೆ ನಿಂತಿದ್ದಾರೆ. ಮೊಣಕಾಲು ತುಸು ಬಾಗಿದೆ. ಎರಡೂ ಕೈಗಳು ಎದೆಯ ಮುಂದೆ ದುಂಡಗೆ, ದೊಡ್ಡ ಹಂಡೆಯೊಂದನ್ನು ತಬ್ಬಿಕೊಂಡ ಹಾಗೆ. ಫೂ ನದಿಯ ಮೇಲಿಂದ ಬರುವ ಮಾಗಿಯ ಗಾಳಿ ಕಿವಿ ಕೊರೆಯುತ್ತಿದೆ. ಗೋಡೆಯಾಚೆ ತೋಫು ಮಾರುವ ಹೆಂಗಸು ಗಾಡಿ ನಿಲ್ಲಿಸಿ ಕೂಗುತ್ತಾಳೆ: “ಮೌ ಅಕ್ಕಾ, ಇನ್ನೂ ಬೇರು ಬಿಡ್ಲಿಲ್ವಾ?” ಇಪ್ಪತ್ತು ನಿಮಿಷ ಮುಗಿಯುವವರೆಗೆ ಮೌ ಅಕ್ಕ ಯಾರಿಗೂ ಉತ್ತರ ಕೊಡುವವರಲ್ಲ. ಉಸಿರು ಹೊಟ್ಟೆಗೆ ಇಳಿದ ಮೇಲೇ ಒಲೆಗೆ ಬೆಂಕಿ ಎಂಬುದು ಅವರ ಲೆಕ್ಕ.

ಇವತ್ತು ಆ ಉಸಿರು ಇಳಿಯಲು ಸ್ವಲ್ಪ ಹೆಚ್ಚೇ ಹೊತ್ತು ಹಿಡಿಯುತ್ತದೆ. ಕಾರಣ, ಒಳಗೆ ಕಷಾಯದ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತಿರುವ ಮನುಷ್ಯ. ಹೆಸರು ಯಾನ್ ದೆಮಿಂಗ್, ವಯಸ್ಸು ಎಪ್ಪತ್ತೊಂದು, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಹತ್ತಿಯ ಕೋಟು ತೊಟ್ಟು, ತೊಡೆಯ ಮೇಲೆ ಅಲಾರಂ ಗಡಿಯಾರ ಇಟ್ಟುಕೊಂಡಿದ್ದಾರೆ. ಹನ್ನೊಂದು ವರ್ಷದ ಹಿಂದೆ ಮೌ ಅಕ್ಕ ಕುದಿಸಿಕೊಟ್ಟ ಕಷಾಯ ಕುಡಿದು ಇವರು ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಆಮೇಲೆ ಈ ಬೀದಿ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದರು. ಇವತ್ತು ಮತ್ತೆ ಅದೇ ಕೈಯಿಂದ, ಅದೇ ವತ್ಸನಾಭಿ ಗೆಡ್ಡೆಯ ಕಷಾಯ ಕುದಿಯಬೇಕಾಗಿದೆ.

“ನೋಡೋಕೆ ಬಂದಿದೀನಿ ಅಷ್ಟೇ. ಕುಡೀತೀನಿ ಅಂತ ಯಾರಿಗೂ ಮಾತು ಕೊಟ್ಟಿಲ್ಲ” ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ.

“ನೋಡಿ ಅಣ್ಣ, ನೋಡೋಕೆ ಟಿಕೆಟ್ ಇಲ್ಲ” ಎನ್ನುತ್ತಾ ಮೌ ಅಕ್ಕ ಒಲೆ ಹಚ್ಚುತ್ತಾರೆ.

ನಮ್ಮ ಜಿಯಾಂಗ್ಯೋದ ಹೊಲಗಳಲ್ಲಿ ವತ್ಸನಾಭಿ ಬೆಳೆಯುತ್ತದೆ. ಹಸಿಯಾಗಿ ತಿಂದರೆ ಪ್ರಾಣ ತೆಗೆಯುವ ಗೆಡ್ಡೆ ಇದು. ಹದ ಮಾಡಿ, ತಾಸುಗಟ್ಟಲೆ ಕುದಿಸಿದರೆ ಕಲ್ಲಿನಂತಾದ ಕಾಲಿಗೂ ಬಿಸಿ ತರುತ್ತದೆ ಎಂಬುದು ಇಲ್ಲಿಯ ವೈದ್ಯರ ನಂಬಿಕೆ. ಆದ್ದರಿಂದ ಚೀಟಿಯಲ್ಲಿ ಇದರ ಹೆಸರಿದ್ದರೆ ಉಳಿದ ಮೂಲಿಕೆಗಳೆಲ್ಲ ಪಕ್ಕಕ್ಕೆ ಸರಿದು ಕಾಯಬೇಕು. ಮೊದಲು ಗೆಡ್ಡೆಯ ಚೂರುಗಳಷ್ಟೇ ಎರಡು ಗಂಟೆ ಕುದಿಯುತ್ತವೆ. ಅನಂತರ ಬಿದಿರ ಕಡ್ಡಿಯಲ್ಲಿ ನಾಲ್ಕು ಹನಿ ತೆಗೆದು ನಾಲಿಗೆಯ ತುದಿಗಿಟ್ಟು, ಉಗಿದು, ಕಾಲು ಗಂಟೆ ಕಾಯುವುದು. ನಾಲಿಗೆ ಜುಮ್ಮೆಂದರೆ ವಿಷ ಇನ್ನೂ ಇಳಿದಿಲ್ಲ, ಮತ್ತೆ ಒಲೆಗೆ. ಜುಮ್ಮೆನ್ನದಿದ್ದರೆ ಮಾತ್ರ ಮುಂದಿನ ಕೆಲಸ. ಚಿಕಿತ್ಸಾಲಯದಲ್ಲಿ ಹೀಗೆ ನಾಲಿಗೆ ಒಡ್ಡುವವರು ಮೌ ಅಕ್ಕ ಒಬ್ಬರೇ.

ಬಾಗಿಲ ಮೇಲಿನ ಫಲಕದಲ್ಲಿ ವೈದ್ಯ ಷಿಯಾಂಗ್ ಅವರ ಹೆಸರಿದೆ, ಅವರ ಗುರುವಿನ ಹೆಸರಿದೆ, ಫಲಕ ಬರೆದವನ ಸಹಿಯೂ ಇದೆ. ಕುದಿಸುವವಳ ಹೆಸರು ಎಲ್ಲೂ ಇಲ್ಲ. ಕೋಣೆಯಲ್ಲಿ ಮೂವತ್ತಾರು ಮಣ್ಣಿನ ಕುಡಿಕೆಗಳಿವೆ. ಒಂದೊಂದರಲ್ಲೂ ಎರಡು ಸಲ ಕುದಿಸಿ, ಸೋಸಿ, ಎರಡನ್ನೂ ಬೆರೆಸಬೇಕು. ಪುದೀನದಂಥವನ್ನು ಕೊನೆಯ ಐದು ನಿಮಿಷಕ್ಕೆ ಹಾಕಬೇಕು, ಔಷಧಿಯ ಚಿಪ್ಪು, ಕಲ್ಲುಗಳನ್ನು ಮೊದಲೇ ಹಾಕಬೇಕು, ನವಿರು ಕೂದಲಿರುವ ಹೂವನ್ನು ಬಟ್ಟೆಯಲ್ಲಿ ಕಟ್ಟಿಯೇ ಇಳಿಬಿಡಬೇಕು. ಯಾವ ಕುಡಿಕೆಗೆ ಯಾವಾಗ ಏನು ಎಂಬುದು ಗೋಡೆಯ ಮೇಲೆ ಬರೆದಿದೆ, ಆದರೆ ಮೌ ಅಕ್ಕ ಗೋಡೆ ನೋಡುವುದು ಅಪರೂಪ. ಬೆಳಗ್ಗೆ ಐದೂಮುಕ್ಕಾಲಿಗೆ ಹಚ್ಚಿದ ಒಲೆ ಆರುವುದು ಮಧ್ಯಾಹ್ನ ಮೂರಕ್ಕೆ. ಹದಿನಾಲ್ಕು ವರ್ಷದಲ್ಲಿ ಮುಂಗೈ ತುಂಬ ಸುಟ್ಟ ಕಲೆಗಳಾಗಿವೆ. ಬಟ್ಟೆ ಎಷ್ಟು ಒಗೆದರೂ ಬೇರಿನ ವಾಸನೆ ಹೋಗುವುದಿಲ್ಲ, ಬಸ್ಸಿನಲ್ಲಿ ಪಕ್ಕ ಕೂತವರು “ಏನು ಕಾಯಿಲೆನಮ್ಮಾ?” ಎಂದು ಕನಿಕರದಿಂದ ಕೇಳುತ್ತಾರಂತೆ.

ಐವತ್ತೇಳರ ಈ ಹೆಂಗಸು ಮೊದಲು ನೂಲಿನ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿತು. ನಿದ್ದೆ ಹೋಯಿತು, ಊಟ ಸೇರಲಿಲ್ಲ, ಎದೆಯ ಪಕ್ಕದಲ್ಲಿ ಸದಾ ಏನೋ ಕಟ್ಟಿಕೊಂಡ ಹಾಗೆ. ಔಷಧಿಗೆಂದು ಬಂದವರನ್ನು ವೈದ್ಯರು ನಾಡಿ ಹಿಡಿದು ನೋಡಿ, ಚೀಟಿ ಬರೆದು, ಕಷಾಯದ ಕೋಣೆಯಲ್ಲಿ ಒಬ್ಬರು ಬೇಕಾಗಿದ್ದಾರೆ ಎಂದೂ ಹೇಳಿದರು.

“ಆಗ ನನ್ನ ಬಾಯಿಗೆ ಹೆದರಿ ನಾಯಿನೂ ಬೇರೆ ಓಣಿಯಿಂದ ಹೋಗ್ತಿತ್ತು” ಎಂದು ಮೌ ಅಕ್ಕ ನಗುತ್ತಾರೆ. “ಗಂಡ, ಅತ್ತೆ, ತರಕಾರಿಯವನು ಯಾರನ್ನೂ ಬಿಟ್ಟೋಳಲ್ಲ. ವೈದ್ಯರು ಅಂದ್ರು, ‘ಕುಡಿಕೆ ಹತ್ರ ಜಗಳ ಮಾಡಿದ್ರೆ ಅದೇನು ತಿರುಗಿ ಬಯ್ಯಲ್ಲ, ನಿಂಗೇ ಬೇಜಾರಾಗುತ್ತೆ, ಬಾ’ ಅಂತ.”

ಜಗಳವೇನೂ ಬೇಜಾರಾಗಲಿಲ್ಲ. ಮೂರನೇ ವರ್ಷದ ಒಂದು ಬೆಳಗ್ಗೆ ಗಂಡನ ಜೊತೆ ದೊಡ್ಡ ಜಗಳವಾಯಿತು. ಮನೆಯಲ್ಲಿ ತಿನ್ನದೆ ಬಂದವರು ಕುಡಿಕೆಯನ್ನು ಕುದಿಯಲು ಬಿಟ್ಟು ಮೂಲೆಯ ಹೋಟೆಲಿನಲ್ಲಿ ಹಂದಿಕರುಳಿನ ಸಾರು, ಅನ್ನ ತಿಂದರು. ನಮ್ಮೂರಿನ ಬೆಳಗಿನ ತಿಂಡಿಯೇ ಅದು. ಸಾರಿನ ತುಂಬ ಕೆಂಪು ಮೆಣಸಿನಕಾಯಿ, ಜೊತೆಗೆ ನಾಲಿಗೆ ಮರಗಟ್ಟಿಸುವ ಜುಮ್ಮನಕಾಯಿ. ಸಿಟ್ಟಿನಲ್ಲಿ ಅದರ ಪುಡಿ ಇನ್ನೊಂದು ಚಮಚ ಹೆಚ್ಚಿಗೆ ಉದುರಿಸಿಕೊಂಡು ತಿಂದು ಬಂದು, ಯಾನ್ ಅವರ ಕುಡಿಕೆಯ ಹನಿ ನಾಲಿಗೆಗಿಟ್ಟರು. ಜುಮ್ಮೆಂದಿತು. ಕರುಳಿನ ಸಾರಿನದ್ದೇ ಇರಬೇಕು ಎಂದುಕೊಂಡರು. ಕುಡಿಕೆ ಇಳಿಸಿ ಕಳಿಸಿಬಿಟ್ಟರು.

ಅರ್ಧ ಗಂಟೆಯಲ್ಲಿ ಯಾನ್ ಅವರ ತುಟಿ ಮರಗಟ್ಟಿತು, ವಾಂತಿಯಾಯಿತು, ಎದೆ ಹುಚ್ಚೆದ್ದು ಬಡಿಯತೊಡಗಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಬದುಕಿದರು. ಆ ಮೂರು ದಿನ ಮೌ ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬಿಡಬೇಡಿ ಎಂದು ಯಾನ್ ಅವರ ಹೆಂಡತಿ ಹೇಳಿದ್ದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಕೆಲಸ ಬಿಡುತ್ತೇನೆಂದು ಏಪ್ರನ್ ಕಳಚಿಟ್ಟಾಗ ವೈದ್ಯ ಷಿಯಾಂಗ್ ಹೇಳಿದ್ದು ಮೌ ಅಕ್ಕನಿಗೆ ಅಕ್ಷರ ಅಕ್ಷರ ನೆನಪಿದೆ. “ತಪ್ಪನ್ನೆಲ್ಲ ಜುಮ್ಮನಕಾಯಿ ಮೇಲೆ ಹಾಕ್ಬೇಡ. ನಾಲಿಗೆ ಹೇಳಿತ್ತು. ನಿನ್ನ ತಲೆಯಲ್ಲಿ ಜಗಳ ನಡೀತಿತ್ತು, ಕೇಳಿಸ್ಲಿಲ್ಲ. ನೀನು ಹೋದ್ರೆ ಇನ್ನೊಬ್ಬಳು ಬರ್ತಾಳೆ, ಅವಳೂ ಒಂದಿನ ಹೀಗೇ ಮಾಡ್ತಾಳೆ. ನೀನು ಇನ್ನು ಮಾಡಲ್ಲ. ನಾಳೆ ಅರ್ಧ ಗಂಟೆ ಮುಂಚೆ ಬಾ, ನಿಲ್ಲೋದು ಕಲಿಸ್ತೀನಿ.”

ಹಾಗೆ ಶುರುವಾಯಿತು ಹಿತ್ತಲಿನ ನಿಲುವು. ಮೊದಲ ತಿಂಗಳು ತೊಡೆ ಗಡಗಡ ನಡುಗುತ್ತಿತ್ತು; ಮನಸ್ಸಿನಲ್ಲಿ ವೈದ್ಯರನ್ನೂ ಅವರ ವಂಶವನ್ನೂ ಬೈಯುತ್ತ ನಿಂತಿದ್ದರಂತೆ. ಎರಡನೇ ಚಳಿಗಾಲದ ಹೊತ್ತಿಗೆ ಭುಜ ತಾನಾಗಿ ಕೆಳಗಿಳಿಯಿತು. ನಿದ್ದೆ ಬಂತು. “ಸಿಟ್ಟು ಹೋಗಿದೆ ಅಂತ ಸುಳ್ಳು ಹೇಳಲ್ಲ. ಬರೋದು ಈಗ ಮುಂಚೆನೇ ಗೊತ್ತಾಗುತ್ತೆ. ಇಲ್ಲಿ, ಬಲಪಕ್ಕೆ ಹತ್ರ ಬಿಗಿಯುತ್ತೆ. ಬಾರಪ್ಪ, ಬಂದ್ಯಾ, ಕೂತ್ಕೋ ಅಂತೀನಿ. ಸ್ವಲ್ಪ ಹೊತ್ತು ಕೂತು ಅದೇ ಎದ್ದು ಹೋಗುತ್ತೆ.”

ಯಾನ್ ಆಸ್ಪತ್ರೆ ಸೇರಿದ ಆ ದಿನದಿಂದ ಜುಮ್ಮನಕಾಯಿಯನ್ನೂ ಮುಟ್ಟಿಲ್ಲ. ಸಿಚುವಾನಿನಲ್ಲಿ ಹುಟ್ಟಿದವರಿಗೆ ಇದರ ಕಷ್ಟ ಏನೆಂದು ಹೇಳಬೇಕಾಗಿಲ್ಲ. ಮಗಳ ಮದುವೆಯ ಊಟದಲ್ಲಿ ಹದಿನಾರು ಬಗೆ ಇದ್ದರೂ ಮೌ ಅಕ್ಕ ಗಂಜಿ, ಬೇಯಿಸಿದ ಕುಂಬಳಕಾಯಿ ತಿಂದೆದ್ದರು. ಬೀಗರು ಇವರಿಗೇನೋ ದೊಡ್ಡ ರೋಗವೆಂದು ಪಿಸುಗುಟ್ಟಿದರು. ಗಂಡ ಲುವೋ ಕಾಯ್‌ಹುವಾ ಅವರ ದೂರು ಬೇರೆಯೇ: “ಜಗಳ ಮಾಡೋಕೆ ಕರೆದ್ರೂ ಬರಲ್ಲ, ಜುಮ್ಮನಕಾಯಿ ಸಾರಿನ ಹಾಟ್‌ಪಾಟ್ ತಿನ್ನೋಕೆ ಕರೆದ್ರೂ ಬರಲ್ಲ. ನಾನು ಮದುವೆ ಆಗಿದ್ದು ಇವಳನ್ನೇನಾ ಅಂತ ಒಂದೊಂದ್ಸಲ ಅನುಮಾನ ಬರುತ್ತೆ.” ಹೇಳುವಾಗ ಅವರ ಮುಖದಲ್ಲಿ ಹೆಮ್ಮೆ ಇಣುಕುತ್ತದೆ, ಮುಚ್ಚಿಡಲು ಅವರಿಗೆ ಬರುವುದಿಲ್ಲ.

ಏಳೂಮುಕ್ಕಾಲು. ಯಾನ್ ಅವರ ತೊಡೆಯ ಮೇಲಿನ ಅಲಾರಂ ಕೋಣೆ ನಡುಗುವಂತೆ ಹೊಡೆಯುತ್ತದೆ. ಎರಡು ಗಂಟೆ ಆಯಿತು. ಎಪ್ಪತ್ತೊಂಬತ್ತರ ವೈದ್ಯ ಷಿಯಾಂಗ್ ಚಹಾದ ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಈ ಸಲ ಚಳಿಗೆ ಯಾನ್ ಅವರ ಕಾಲು ಮೊಣಕಾಲಿನವರೆಗೆ ತಣ್ಣಗಾಗಿದೆ. ಮನೆಗೇ ಬೇರೆ ಮೂರು ಔಷಧಿ ಕಳಿಸಿ ನೋಡಿ, ಏನೂ ಆಗದೆ, ವೈದ್ಯರು ವತ್ಸನಾಭಿ ಬರೆದಿದ್ದಾರೆ. “ಕುದಿಸೋದು ಅವಳೇ. ನಂಬಿಕೆ ಇಲ್ಲದಿದ್ರೆ ಕೂತು ನೋಡು” ಎಂದವರೂ ಅವರೇ.

ಮೌ ಅಕ್ಕ ಹನಿಯನ್ನು ನಾಲಿಗೆಗಿಡುತ್ತಾರೆ, ಉಗಿಯುತ್ತಾರೆ, ಗೋಡೆಗೊರಗಿ ಕಣ್ಣು ಮುಚ್ಚುತ್ತಾರೆ. ಕಾಲು ಗಂಟೆ ಯಾನ್ ಅವರ ಕಣ್ಣು ಆ ಮುಖ ಬಿಟ್ಟು ಕದಲುವುದಿಲ್ಲ.

ನಾಲಿಗೆಯ ತುದಿಯಲ್ಲಿ ಏನೋ ಇದೆ. ಇದೆಯೋ ಇಲ್ಲವೋ ಎನ್ನುವಷ್ಟು. ಹೇಳಿದರೆ ಈ ಮನುಷ್ಯ ಎದ್ದು ಹೋಗುತ್ತಾನೆ, ಇನ್ನೆಂದೂ ಈ ಹೊಸ್ತಿಲು ತುಳಿಯುವುದಿಲ್ಲ, ಕಾಲೂ ಹಾಗೇ ಉಳಿಯುತ್ತದೆ. ಎರಡು ಗಂಟೆಯಂತೂ ಮುಗಿದಿದೆ, ಸುಮ್ಮನಿದ್ದರೆ ವೈದ್ಯರೂ ಕೇಳುವುದಿಲ್ಲ. ಬಲಪಕ್ಕೆ ಬಿಗಿಯುತ್ತದೆ. ಇದು ಸಿಟ್ಟಲ್ಲ, ಹೆದರಿಕೆ. ಅದನ್ನೂ ಕೂರಿಸಿಕೊಂಡು ಒಂದು ಉಸಿರು ತೆಗೆದುಕೊಳ್ಳುತ್ತಾರೆ.

“ಆಗಿಲ್ಲ” ಎನ್ನುತ್ತಾರೆ ಮೌ ಅಕ್ಕ. “ತುದೀಲಿ ಇನ್ನೂ ಜುಮ್ ಅಂತಿದೆ. ಈ ಸಲದ ಚೂರು ದಪ್ಪ. ಇನ್ನೂ ಕುದೀಬೇಕು.”

ಯಾನ್ ಅವರ ಮುಖ ಬಿಳಿಚಿಕೊಳ್ಳುತ್ತದೆ. ಎದ್ದು ಕೋಟಿನ ಗುಂಡಿ ಹಾಕಿಕೊಳ್ಳತೊಡಗುತ್ತಾರೆ. ಬಾಗಿಲಿನಲ್ಲಿರುವ ವೈದ್ಯರು ದಾರಿ ಬಿಡುತ್ತಾರೆ, ತಡೆಯುವುದಿಲ್ಲ. ಮೂರನೇ ಗುಂಡಿಗೆ ಯಾನ್ ಅವರ ಬೆರಳು ನಿಲ್ಲುತ್ತದೆ.

“ಆವತ್ತು ಸುಮ್ನಿದ್ದೆಯಲ್ಲ. ಇವತ್ತು ಯಾಕೆ ಹೇಳ್ದೆ?”

“ಆವತ್ತು ಕೇಳಿಸ್ಲಿಲ್ಲ ಅಣ್ಣ. ಇವತ್ತು ಕೇಳಿಸ್ತು.”

“ನಾನು ಎದ್ದು ಹೋಗ್ತೀನಿ ಅಂತ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು. ಹೋದ್ರೆ ನಿಮ್ಮ ಕಾಲು ತಣ್ಣಗಿರುತ್ತೆ. ಸುಳ್ಳು ಹೇಳಿದ್ರೆ ಪೂರ್ತಿ ನೀವೇ ತಣ್ಣಗಾಗ್ತೀರಿ.”

ಯಾನ್ ಗುಡುಗಿದಂತೆ ನಕ್ಕುಬಿಡುತ್ತಾರೆ. ಕ್ರೇನಿನ ಮೇಲಿಂದ ಕೂಗಿ ಕೂಗಿ ಬೆಳೆದ ಗಂಟಲು ಅದು. ಕೋಟು ಬಿಚ್ಚಿ ಸ್ಟೂಲಿನ ಮೇಲೆ ಮತ್ತೆ ಕೂರುತ್ತಾರೆ. ಗಡಿಯಾರವನ್ನು ಇನ್ನೂ ನಲವತ್ತು ನಿಮಿಷಕ್ಕೆ ತಿರುಗಿಸಿಕೊಳ್ಳುತ್ತಾರೆ.

ಎರಡನೇ ಸಲ ಹನಿ ಇಟ್ಟಾಗ ನಾಲಿಗೆ ಸುಮ್ಮನಿರುತ್ತದೆ. ಮೌ ಅಕ್ಕ ಅವಸರ ಮಾಡದೆ ಪೂರ್ತಿ ಕಾಲು ಗಂಟೆ ಕಾದು, ತಲೆಯಾಡಿಸಿ, ಒಣಶುಂಠಿ, ಜ್ಯೇಷ್ಠಮಧು ಮತ್ತಿತರ ಬೇರುಗಳನ್ನು ಕುಡಿಕೆಗೆ ಇಳಿಸುತ್ತಾರೆ. ಒಂಬತ್ತೂವರೆಗೆ ಕಪ್ಪು ಕಷಾಯ ಬಟ್ಟಲಿಗೆ ಬರುತ್ತದೆ.

“ಮೊದಲು ನೀನು” ಎನ್ನುತ್ತಾರೆ ಯಾನ್. ಮೌ ಅಕ್ಕ ಒಂದು ಚಮಚ ಕುಡಿದು ತೋರಿಸುತ್ತಾರೆ. ಯಾನ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಬಿಗಿದು ಮುಚ್ಚಿ, ಒಂದೇ ಗುಟುಕಿಗೆ ಮುಗಿಸುತ್ತಾರೆ. ಆಮೇಲೆ ಒಂದು ಗಂಟೆ ಅಲ್ಲೇ ಕೂತು ಆಗಾಗ ತುಟಿ ಮುಟ್ಟಿ ನೋಡಿಕೊಳ್ಳುತ್ತಾರೆ. ಮೌ ಅಕ್ಕ ಉಳಿದ ಕುಡಿಕೆಗಳ ನಡುವೆ ಓಡಾಡುತ್ತಲೇ ಆ ತುಟಿಯ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ. ಏನೂ ಆಗುವುದಿಲ್ಲ. ಆ ಕೋಣೆಯಲ್ಲಿ ಏನೂ ಆಗದಿರುವುದಕ್ಕಿಂತ ದೊಡ್ಡ ಸಂತೋಷ ಇವತ್ತು ಬೇರೆ ಇಲ್ಲ.

“ಕಾಲು ಇನ್ನೂ ತಣ್ಣಗೇ ಇದೆಯಲ್ಲ ತಂಗಿ” ಎಂದು ಯಾನ್ ಬೂಟು ಏರಿಸಿಕೊಳ್ಳುತ್ತ ಗೊಣಗುತ್ತಾರೆ. ಇಷ್ಟು ಹೊತ್ತಿಗೆ ಇದೇ ಮೊದಲ ಸಲ ‘ತಂಗಿ’ ಎಂದದ್ದು.

“ಒಂದೇ ಬಟ್ಟಲಿಗೆ ಬಿಸಿ ಏರೋಕೆ ಅದೇನು ಸಾರಾಯಿನಾ?”

ಔಷಧಿ ಕೊಡುವ ಜಾಗದಲ್ಲಿ ‘ಮತ್ತೆ ಬನ್ನಿ’ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಮತ್ತೆ ಬನ್ನಿ ಎಂದರೆ ಮತ್ತೆ ಕಾಯಿಲೆ ಬೀಳಿ ಎಂದ ಹಾಗೆ. ಹೋಗುವವರೂ ಬರುತ್ತೇನೆ ಎನ್ನುವುದಿಲ್ಲ. ಹದಿನಾಲ್ಕು ವರ್ಷದಿಂದ ಹೇಳುತ್ತ ಬಂದಂತೆ ಮೌ ಅಕ್ಕ “ನಿಧಾನ ಹೋಗಿ” ಎನ್ನುತ್ತಾರೆ. ಯಾನ್ ಹೊಸ್ತಿಲ ಮೇಲೆ ನಿಂತು, ಬೀದಿಗೆಲ್ಲ ಕೇಳುವ ಆ ಕ್ರೇನಿನ ದನಿಯಲ್ಲಿ, “ನಾಳೆನೂ ಬರ್ತೀನಿ!” ಎಂದು ಕೂಗಿ ಹೊರಟುಬಿಡುತ್ತಾರೆ.

“ಥೂ, ಅಪಶಕುನದ ಮಾತು” ಎಂದು ಮೌ ಅಕ್ಕ ಬೈಯುತ್ತಾರೆ. ಏಪ್ರನ್ನಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಾರೆ, ಹೊಗೆಯ ನೆಪವನ್ನೂ ಹೇಳುವುದಿಲ್ಲ. ಇನ್ನೇನು ಆಸೆಯಿದೆ ಎಂದು ಕೇಳಿದರೆ, ಕುಡಿಕೆಯ ತಳ ಉಜ್ಜುತ್ತಲೇ ಉತ್ತರ ಬರುತ್ತದೆ:

“ವೈದ್ಯರು ಏಳು ಪೊಟ್ಟಣ ಬರೆದಿದ್ದಾರೆ. ಏಳು ದಿನ ಬರ್ಲಿ. ಎಂಟನೇ ದಿನ ಅವರಿಗೆ ನನ್ನ ಮುಖ ನೋಡೋ ಅಗತ್ಯ ಬರದೇ ಇರ್ಲಿ. ಅಷ್ಟಾದ್ರೆ ಸಾಕು.”