ಥಂಡಿಯ ವೈರಿ ಮದಿನಾಬಿ

ಕುಲಗೋಡದಾಗ ಮದಿನಾಬಿಗೆ ಅಂಜಲಾರದ ಬಾಣಂತಿ ಇಲ್ಲ. ಕೂಸು ಹುಟ್ಟಿದ ಮನಿಗೆ ಆಕಿ ಕಾಲಿಟ್ಟಳಂದ್ರ ಮೊದಲ ಫ್ಯಾನ್ ಬಂದ್ ಮಾಡಸ್ತಾಳ, ಆಮ್ಯಾಲ ಖಿಡಕಿ, ಆಮ್ಯಾಲ ಗಂಡಸರ ಬಾಯಿ. ಕಾಲ ಚಾಚಿ ಕುಂತು, ಕೂಸಿನ್ನ ಕಾಲಮ್ಯಾಲ ಮಲಗಿಸ್ಕೊಂಡು, ಎಣ್ಣಿ ತಿಕ್ಕಿ, ಸುಡುಸುಡು ನೀರು ಎರದು, ಹೊರಸಿನ ಕೆಳಗ ಕೆಂಡದ ಬುಟ್ಟಿ ಇಟ್ಟು ಕಾಸಿ, ತಲಿಗೆ ಕುಂಚಗಿ ಕಟ್ಟಿದಳಂದ್ರ ಕೂಸು ಸಂಜಿತನಕ ಗಪ್ ಚಿಪ್. ಊರಾಗಿನ ಅರ್ಧ ತಲಿ ಗುಂಡಗ ಆಗಿದ್ದು ಆಕಿ ಕೈಯಿಂದ. ಒಳಗಿನ ಬುದ್ಧಿಗೆ ಆಕಿ ಜವಾಬ್ದಾರಳಲ್ಲ. "ನನ್ನ ಕೈಯಾಗ ಕೂಸು ಅಳೂದಿಲ್ಲ" ಅನ್ನೂದು ಆಕಿ ಸೊಕ್ಕು. ಥಂಡಿ ಅಂದ್ರ ಆಕಿಗೆ ಜನ್ಮದ ವೈರಿ.

ಇಂಥಾ ಮದಿನಾಬಿಯ ಮಗಳು ಸುರಯ್ಯಾನ ಹೆರಿಗಿ ಕಠಿಣ ಆತು. ಮೂಡಲಗಿ ದವಾಖಾನ್ಯಾಗ ಗಂಡು ಕೂಸು ನೀಲಿಗಟ್ಟಿ ಹುಟ್ಟಿತು. ಅಳಲಿಲ್ಲ. ಮಶೀನಿಲೆ ಉಸರ ಕೊಟ್ಟು, ಅಂಬುಲನ್ಸಿನಾಗ ಗೋಕಾಕಕ್ಕ ಓಡಿಸಿದ್ರು. ಅಲ್ಲಿ ಡಾಕ್ಟರ್ ಭೀಮೇಶ ಏನ ಮಾಡಬೇಕು? ಕೂಸಿನ ಅರಿವಿ ಬಿಚ್ಚಿ, ಒಳಗ ತಣ್ಣೀರು ಹರಿಯೋ ಹಾಸಿಗಿ ಮ್ಯಾಲ ಬರೇ ಮೈಲೆ ಮಲಗಿಸಿದ.

"ಹುಟ್ಟೂ ಮುಂದ ಮೆದುಳಿಗೆ ಗಾಳಿ ಸಾಲಿಲ್ರಿ ಅಮ್ಮಾ. ಈಗ ಮೈ ತಣ್ಣಗಿಟ್ರ ಮೆದುಳು ಮತ್ತಷ್ಟು ಕೆಡೂದು ಕಮ್ಮಿ ಆಕ್ಕೈತಿ. ಮೂರು ದಿನ ಹಿಂಗ ಇಡಬೇಕ್ರಿ. ಮುಂದಿನ ಮಾತು ಈಗ ಹೇಳಾಕ ಬರೂದಿಲ್ಲ."

"ಹೆಣಾ ಬರಫದಾಗ ಇಡೂದು ಕೇಳೇನಿ. ಜೀಂವ ಇದ್ದದ್ದನ್ನ ಇಡೂದು ನಿಮ್ಮಲ್ಲೇ ನೋಡಿದ್ನಿ," ಅಂದಳು ಮದಿನಾಬಿ. ಅಳಿಯ ಮೈನೋದ್ದೀನ ಆಕೀನ್ನ ಹೊರಗ ಕರಕೊಂಡು ಬಂದ.

ಮರುದಿನ ಮುಂಜಾನಿ ನೋಡಾಕ ಒಳಗ ಬಿಟ್ರು. ಮದಿನಾಬಿ ಮೊಮ್ಮಗನ ಹೊಟ್ಟಿ ಮುಟ್ಟಿದಳು. ಮಣ್ಣಿನ ಕೊಡದಂಗ ತಣ್ಣಗಿತ್ತು. ಅತ್ತಾಗಿತ್ತಾಗ ನೋಡಿ, ಎದಿಯೊಳಗ ಬೆಚ್ಚಗ ಇಟಗೊಂಡು ತಂದಿದ್ದ ಕುಂಚಗಿ ತಗದು ಅದರ ತಲಿಗೆ ಹಾಕಿದಳು. ಅಂಗೈ ತಿಕ್ಕಿ ತಿಕ್ಕಿ ಹೊಟ್ಟಿಗೆ ಒತ್ತಿದಳು. ಬಾಜೂಕ ಮೈಕಾವು ನೋಡೂ ಮಶೀನು ಕಿರಚಾಕತ್ತಿತು.

ಓಡಿ ಬಂದಾಕಿ ನರ್ಸ್ ಸುಮನ, ಕುಲಗೋಡದಾಗ ಮದಿನಾಬಿಯ ಗೆಳತಿ ಕೆಂಪವ್ವನ ಮಗಳು; ಸಣ್ಣಾಕಿದ್ದಾಗಿಂದ ಮದಿನಾಬಿಗೆ ಖಾಲಾ, ಅಂದ್ರ ಚಿಗವ್ವ, ಅನ್ನಾಕಿ. ಬಂದಕೂಡ್ಲೇ ಕುಂಚಗಿ ಕಿತ್ತು ತಗದಳು.

"ಖಾಲಾ, ನಿನಗ ತಲಿ ಐತೇನು?"

"ನಿನ್ನ ತಲಿ ತಿಕ್ಕಿ ಗುಂಡಗ ಮಾಡಿದಾಕಿ ನಾ. ನನಗ ತಲಿ ಕೇಳ್ತಿಯೇನ ಪೋರಿ?"

"ನಾ ಹುಟ್ಟಿದಾಗ ಅತ್ತಿದ್ನೋ ಇಲ್ಲೋ ಹೇಳು."

"ಅಳೂದೇನು, ಇಡೀ ಓಣಿ ಎದ್ದ ಕುಂತಿತ್ತು."

"ಇಂವಾ ಅತ್ತಿಲ್ಲ, ಖಾಲಾ. ನಿನ್ನ ಕೆಂಡ ಹುಟ್ಟಿದಕೂಡ್ಲೇ ಅತ್ತ ಕೂಸಿಗೆ ಸರಿ. ಇಂವಂಗ ಈಗ ಕಾಸಿದ್ರ ಫಿಟ್ಸಿನ ಝಟಕಾ ಬರ್ತಾವ, ಉಳದ ಮೆದುಳೂ ಹೋಕ್ಕೈತಿ."

ಮದಿನಾಬಿ ಕೂಸಿನ ಹೊಟ್ಟಿ ಮ್ಯಾಲಿನ ಕೈ ಚಟ್ಟನ ತಗದಳು. ಇದನ್ನ ಕುಲಗೋಡದಾಗ ಹೇಳಿದ್ರ ಯಾರೂ ನಂಬೂದಿಲ್ಲ. ತನ್ನ ಕೈಲೇ ಕೂಸು ಕೆಟ್ಟೀತು ಅಂತ ಆಕಿಗೆ ಖರೇನ ಅಂಜಿಕಿ ಹೊಕ್ಕಿತು. ಎರಡೂ ಕೈ ಸೆರಗಿನಾಗ ಸುತಗೊಂಡು ಹೊರಗಿನ ಬಾಕಿನ ಮ್ಯಾಲ ಕುಂತಳು.

ಮಧ್ಯಾಹ್ನ ಕೆಂಪವ್ವ ಬಸ್ಸಿಗೆ ಬಂದಳು, ಬಗಲಾಗ ಉಣ್ಣಿ ಕಂಬಳಿ. ಸೀದಾ ಒಳಗ ಹೊಂಟಾಕಿಗೆ ಮದಿನಾಬಿ ಅಡ್ಡ ನಿಂತಳು.

"ಒಳಗ ಹೋದ್ರ ಕಾಲ ಮುರೀತೀನಿ."

"ಕೂಸಿಗೆ ಥಂಡಿ ಬಡದ್ರ ಕೈಗೆ ಹತ್ತೂದಿಲ್ಲ ಅಂದಾಕಿ ನೀನ ಅಲ್ಲೇನಬೇ?"

"ಹೌದು. ಆ ಬಾಯಿ ಕುಲಗೋಡದಾಗ ಬಿಟ್ಟ ಬಂದೇನಿ."

ಕೆಂಪವ್ವ ಸಿಟ್ಟಿಲೆ ಆ ಕಂಬಳಿ ಹಾಸಿ ಬಾಕಿನ ಮ್ಯಾಲ ತಾನ ಮಲಗಿದಳು. ಮದಿನಾಬಿ ಬಾಗಲಾ ಬಿಟ್ಟು ಸರಿಲಿಲ್ಲ. ಚಾ ಕುಡಿಯೂದೂ ಅಲ್ಲೇ, ನಮಾಜೂ ಅಲ್ಲೇ.

ಮೂರು ದಿನ ಮುಗದ ಮ್ಯಾಲ, ಸಣ್ಣ ಉರಿಯಾಗ ಹಾಲು ಕಾಸಿದಂಗ, ಕೂಸಿನ್ನ ಸಾವಕಾಶ ಬೆಚ್ಚಗ ಮಾಡಿದ್ರು. ಕಣ್ಣು ತಗೀತು. ಮತ್ತ ನಾಕು ದಿನಕ್ಕ, ಮೂಡಲಗಿಯಿಂದ ಬಂದ ಸುರಯ್ಯಾನ ಮೊಲಿ ಚೀಪಿತು. ಅಳು ಮಾತ್ರ ಬೆಕ್ಕಿನ ಮರಿಯಷ್ಟ. "ಲಕ್ಷಣ ಚಲೋ ಅದಾವ್ರಿ, ಆದ್ರೂ ತಪ್ಪದ ತೋರಸ್ಕೋತ ಇರ್ರಿ," ಅಂತ ಹೇಳಿ ಭೀಮೇಶ ಮನಿಗೆ ಕಳಿಸಿದ.

ಕುಲಗೋಡದಾಗ ಕೂಸಿಗೆ ಮೊದಲನೇ ನೀರು. ಕೆಂಪವ್ವ ತಂಬಗಿ ಹಿಡದು ಬಾಜೂಕ ಕುಂತಳು, ಫ್ಯಾನು ಖಿಡಕಿ ಎಲ್ಲಾ ಬಂದ್. ಮದಿನಾಬಿ ಮೊಮ್ಮಗನ್ನ ಕಾಲಮ್ಯಾಲ ಹಾಕ್ಕೊಂಡಳು. ನೀರಿಗೆ ಮೂರು ಸರತಿ ಕೈ ಅದ್ದಿ, ತಣ್ಣೀರು ಬೆರಸಿ, ಒಂದು ತಂಬಗಿ ಎರದಳು. ಕೂಸು ಹರಕೊಂಡು ಅಳಾಕ ಚಾಲೂ ಮಾಡಿತು.

"ಏನಬೇ ಮದಿನಾ, ನಿನ್ನ ಕೈಯಾಗ ಕೂಸು ಅಳೂದಿಲ್ಲ ಅಂತಿದ್ದಿ?"

ಮದಿನಾಬಿ ಮೊಣಕೈಲೆ ಕಣ್ಣು ಒರಸ್ಕೊಂಡಳು. "ಎದ್ದು ಬಾಗಲಾ ತಗಿ."

"ಥಂಡಿ ಗಾಳಿ ಬರ್ತೈತಲ್ಲ."

"ಬರ್ಲಿ. ಇಂವಾ ಅಳೂದು ಓಣಿಗೆ ಕೇಳಬೇಕು," ಅಂದು ಇನ್ನೊಂದು ತಂಬಗಿ ಎರದಳು.