ಕಾಕುವಿನ ಮೊಣಕೈ

ಬೆಳಿಗ್ಗೆ ಎದ್ದು ಮೊಸರು ಕಡೆದೆ. ಅವ್ವನ ವಾರದ ಗುಳಿಗೆಗಳನ್ನು ಡಬ್ಬಿಯಲ್ಲಿ ತುಂಬಿಟ್ಟೆ. ಹೊದಿಕೆಗಳನ್ನು ಒಗೆದು ಮಾಳಿಗೆಯ ಮೇಲೆ ಹರವಿದೆ. ಭಾನುವಾರ, ದವಾಖಾನೆಗೆ ರಜೆ. ಇರುವೆ ಮುತ್ತಿದ್ದ ಹಳೆಯ ಟ್ರಂಕನ್ನು ಬಿಸಿಲಿಗೆ ಎಳೆದು ಪುಸ್ತಕಗಳನ್ನು ಕೊಡವಿದೆ. ತಳದಲ್ಲಿ ನನ್ನ ಮೊದಲ ವರ್ಷದ ಶರೀರರಚನೆಯ ಚಿತ್ರಪುಸ್ತಕ ಸಿಕ್ಕಿತು. ತೋಳಿನ ನರಗಳ ಪುಟದಲ್ಲಿ, ಹಳದಿ ಬಣ್ಣ ತುಂಬಬೇಕಾದ ಕಡೆ ಹಳದಿ ನೂಲು ಅಂಟಿಸಿತ್ತು. ನೂಲಿಗೆ ಗಂಜಿಯ ವಾಸನೆ ಇನ್ನೂ ಇತ್ತೋ, ನನಗೇ ಹಾಗೆ ಅನ್ನಿಸಿತೋ... ಅಲ್ಲಿಂದ ಮುಂದೆ ಯಾವ ಕೆಲಸಕ್ಕೂ ಕೈ ಹತ್ತಲಿಲ್ಲ.

ಆ ನೂಲು ಕೊಟ್ಟವರು ಬನಹಟ್ಟಿಯಲ್ಲಿ ನಮ್ಮ ಎದುರುಮನೆಯವರು. ಓಣಿಗೆಲ್ಲ ಅವರು ಕಾಕು, ಅಂದರೆ ಚಿಕ್ಕಮ್ಮ. ಮಗ್ಗದಲ್ಲಿ ಉದ್ದನೆಯ ಎಳೆಗಳ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದು ಅವರ ಕೆಲಸ. ಬೂದಿ ಹಚ್ಚಿದ ಹೆಬ್ಬೆರಳು, ತೋರುಬೆರಳು. ಒಂದು ತಿರುವು, ಎಳೆ ಕೂಡಿತು. ಹಾಗೆ ಸಾವಿರಾರು ಎಳೆ. ಬೇರೆ ಓಣಿಯವರೂ ಅವರನ್ನೇ ಕರೆಯಲು ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ಮನೆ ನಡೆದದ್ದು ಆ ಎರಡು ಬೆರಳುಗಳಿಂದಲೇ.

ಅವರ ರೊಟ್ಟಿಯೂ ಹೆಸರುವಾಸಿ. ನಮ್ಮ ಕಡೆ ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ಹೊರಳಿಸದವರು ಯಾರು? ಆದರೆ ನಮ್ಮ ಕೈ ಚಟ್ಟನೆ ಹಿಂದೆ ಬರುತ್ತದೆ. ಕಾಕು ಮಾತ್ರ ಅಂಗೈಯ ಅಂಚನ್ನು ರೊಟ್ಟಿಯ ಮೇಲೆ ಊರಿಕೊಂಡೇ ಮಾತು ಮುಂದುವರಿಸುತ್ತಿದ್ದರು.

"ನೋಡ, ಕಾಕೂಗ ಹಂಚಽ ಹೆದರತೈತಿ. ನೀ ಹಂಚಿಗೆ ಹೆದರತಿ," ಎಂದು ಅವ್ವ ನನ್ನನ್ನು ತಿವಿಯುತ್ತಿದ್ದಳು.

ಆಗಷ್ಟೇ ಬಾಗಲಕೋಟೆ ಬೇರೆ ಜಿಲ್ಲೆಯಾಗಿತ್ತು. ಹಾಸ್ಟೆಲಿಗೆ ಬರುವ ಪತ್ರಗಳಲ್ಲಿ ನಮ್ಮೂರ ವಿಳಾಸಕ್ಕೆ ಅವ್ವ ಇನ್ನೂ ವಿಜಾಪುರ ಜಿಲ್ಲೆ ಎಂದೇ ಬರೆಸುತ್ತಿದ್ದಳು. ನಾನು ವೈದ್ಯಕೀಯ ಮೊದಲ ವರ್ಷದಲ್ಲಿದ್ದೆ. ನರಮಂಡಲದ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಕತ್ತಿನಿಂದ ಹೊರಟ ಐದು ಬೇರು ಕೂಡಿ ಮೂರಾಗಿ, ಮೂರು ಒಡೆದು ಆರಾಗಿ, ಮತ್ತೆ ಕೂಡಿ, ಮತ್ತೆ ಒಡೆದು ತೋಳಿಗಿಳಿಯುವ ಜಾಲ. ಬರೆದು ಅಳಿಸಿ ಹಾಳೆ ಹರಿಯುತ್ತಿತ್ತು. ದಸರೆಯ ರಜೆಗೆ ಬಂದು ಕಾಕುವಿನ ಪಕ್ಕ ಕೂತು ಓದುತ್ತಿದ್ದೆ. "ಎಳಿ ಅಂದ್ರ ಎಳೀನಽ ಬೇಕಬೇ, ಬಣ್ಣಾ ತಗೊಂಡು ಏನ ಮಾಡ್ತಿ?" ಎಂದು ಅವರೇ ನೂಲಿನ ತುಂಡು ಕೊಟ್ಟರು. ಒಂದೊಂದನ್ನೂ ಕೈಯಾರೆ ಕೂಡಿಸಿ ಅಂಟಿಸಿದ ಮೇಲೆ ಅದು ಮರೆತುಹೋಗಲೇ ಇಲ್ಲ.

ಅದೇ ದಿನ ಅವರ ಮೊಣಕೈ ಹಿಡಿದು ನೋಡಿದೆ. ಒಳಬದಿಯ ಮೂಳೆಯ ಹಿಂದೆ, ಏನಾದರೂ ತಾಗಿದರೆ ಕಿರುಬೆರಳವರೆಗೂ ಝುಂ ಎನ್ನುವ ಜಾಗದಲ್ಲಿ, ಒಂದು ನರ ಹಾಯುತ್ತದೆ. ಅವ್ವನ ಕೈಯಲ್ಲಿ ಅದು ಸಿಕ್ಕಂತಾಗಿ ಜಾರುತ್ತಿತ್ತು. ಕಾಕುವಿನದು ಮುಟ್ಟಿದೊಡನೆ ಸಿಕ್ಕಿತು. ಲಂಗದ ಲಾಡಿಯಷ್ಟು ದಪ್ಪ. ತೆಳ್ಳಗಿನವರಲ್ಲಿ ಸಲೀಸಾಗಿ ಸಿಗುತ್ತದೆ ಎಂದು ಪಾಠದಲ್ಲಿ ಕೇಳಿದ್ದೆ. ಕಾಕು ತೆಳ್ಳಗಿದ್ದರು. ನಾನು ಹಿಗ್ಗಿದೆ. ಮುಂದಿನ ರಜೆಯಲ್ಲಿ ಗೆಳತಿಯೊಬ್ಬಳನ್ನು ಕರೆತಂದು ಅವಳಿಗೂ ಹಿಡಿಸಿದೆ.

"ಏನಬೇ ಡಾಕ್ಟರಬಾಯಿ, ನನ್ನ ಕೈ ನೋಡಾಕ ಟಿಕೀಟ ಇಡ್ಲೇನು?" ಎಂದು ಕಾಕು ನಕ್ಕರು.

ಪರೀಕ್ಷೆಯಲ್ಲಿ ನರಗಳ ಪ್ರಶ್ನೆಯೇ ಬಂತು. ಪಾಸಾದೆ.

ಮೂರನೆಯ ವರ್ಷ ಒಂದು ಮುಂಜಾನೆ ನಮ್ಮ ಸರ್ ವಾರ್ಡಿನಲ್ಲಿ ಒಬ್ಬ ರೋಗಿಯ ಮೊಣಕೈಯನ್ನು ನನ್ನ ಕೈಗೆ ಕೊಟ್ಟರು. ಅದೇ ಲಾಡಿ. "ನರ ದಪ್ಪಗಾಗಿದೆ. ಕುಷ್ಠದಲ್ಲಿ ಮೊದಲು ಹಿಡಿದು ನೋಡಬೇಕಾದ ಜಾಗ ಇದು. ಸ್ಪರ್ಶ ಹೋಗಿರುತ್ತದೆ, ಸುಟ್ಟರೂ ತಿಳಿಯುವುದಿಲ್ಲ," ಎಂದರು. ನನಗೆ ರೊಟ್ಟಿಯ ಮೇಲೆ ಊರಿದ ಆ ಕೈ ಕಂಡಿತು... ಮಧ್ಯಾಹ್ನದ ಬಸ್ಸಿಗೇ ಹೊರಟೆ. ಮುಧೋಳದಲ್ಲಿ ಬಸ್ಸು ನಿಂತಷ್ಟು ಹೊತ್ತೂ ಸೀಟಿನಲ್ಲಿ ಕೂರಲಾಗದೆ ಇಳಿದು ಹತ್ತಿ ಮಾಡಿದೆ.

ಕಾಕುವಿನ ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಬಾಗಿದ್ದವು. ಹೆಬ್ಬೆರಳಿನ ಹಿಡಿತ ಸಡಿಲಾಗಿ ಎಳೆ ಜಾರುತ್ತಿತ್ತು. "ವಾಯು ಆಗೇತಿ, ಎಣ್ಣಿ ತಿಕ್ಕಾಕತ್ತೇನಿ," ಎಂದರು.

ನಾನು ರೋಗದ ಹೆಸರು ಹೇಳಿದೆ.

"ಮೊದಲ ಬಾಗಲಾ ಮುಚ್ಚ," ಎಂದರು. ಬಾಗಿಲು ಮುಚ್ಚಿ ಬಂದೆ. ಗುಳಿಗೆ ಇದೆ, ಪೂರ್ತಿ ವಾಸಿಯಾಗುತ್ತದೆ, ಜಮಖಂಡಿಯ ದವಾಖಾನೆಗೆ ನಾನೇ ಕರೆದೊಯ್ಯುತ್ತೇನೆ ಎಂದೆ. ಬೆರಳು ನೆಟ್ಟಗಾಗುತ್ತವೆ ಎಂದು ಹೇಳಲಾಗಲಿಲ್ಲ. ಕಾಕು ಬಾಗಿದ ಬೆರಳುಗಳನ್ನು ಎಡಗೈಯಿಂದ ಬಿಡಿಸಿ ನೋಡಿದರು. ಆಮೇಲೆ ಕೇಳಿದರು:

"ಅವಾಗ ನೀ ಹಿಡದ ನೋಡಿದ್ಯಲ್ಲ, ಅವಾಗಽ ಇತ್ತೇನ ಇದು?"

"ಇದ್ದಿದ್ದಿಲ್ಲರಿ ಕಾಕು," ಎಂದೆ.

"ಛಲೋ ಆತು ಬಿಡವಾ. ಇದ್ದಿದ್ರ ನಿನ್ನ ಜೀವಕ್ಕ ಕೊರಗ ಹತ್ತತಿತ್ತು."

ವರ್ಷಪೂರ್ತಿ ಗುಳಿಗೆ ನುಂಗಿ ಕಾಕು ಗುಣವಾದರು. ಬೆರಳು ಮಾತ್ರ ಹಾಗೇ ಉಳಿದವು. ಹಾಸು ಕೂಡಿಸಲು ಜನ ಬೇರೆಯವರನ್ನು ಕರೆಯತೊಡಗಿದರು. ಕಾಕು ಇನ್ನೊಬ್ಬರ ಮಗ್ಗಕ್ಕೆ ನೂಲು ಸುತ್ತಿಕೊಡುತ್ತ ದಿನ ಕಳೆದರು. ರೋಗದ ಹೆಸರು ಅವ್ವನಿಗೆ, ನನಗೆ ಬಿಟ್ಟರೆ ಓಣಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಪ್ರತಿ ಸಲ ಊರಿಗೆ ಹೋದಾಗಲೂ ಈ ಸಲ ಕಾಕುವಿಗೆ ನಿಜ ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಕಾಕು ಯಾರಿಗೋ, "ಕೈ ಪೂರಾ ಹೋಗತಿತ್ತು, ನಮ್ಮ ಡಾಕ್ಟರಬಾಯಿ ಓಡಿಬಂದು ಉಳಿಸಿದ್ಲು," ಎನ್ನುತ್ತಿದ್ದರು. ಹೇಳದೆಯೇ ಬಸ್ಸು ಹತ್ತುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರು. ಹೋಗಿ ಮಣ್ಣು ಹಾಕಿ ಬಂದೆ.

ಇವತ್ತು ಸಂಜೆ ಅವ್ವ ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ಕೂತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಆಗಲೇ ಇತ್ತು, ನಾನು ಸುಳ್ಳು ಹೇಳಿದೆ ಎಂದೆ. ನಲವತ್ತು ವರ್ಷ ಕಾಕುವಿನ ಎದುರುಮನೆಯಲ್ಲಿದ್ದವಳು ಅವ್ವ. ಕೈ ನಿಲ್ಲಿಸಿದಳು.

"ಅವಾಗ ತಿಳದಿದ್ರ ಆಕಿ ಬೆರಳು ಉಳೀತಿದ್ದುವೇನು?"

"ಉಳೀತಿದ್ದುವು."

ಅವ್ವ ಸೋಸಿದ ಸೊಪ್ಪನ್ನೇ ಮತ್ತೊಮ್ಮೆ ಸೋಸಿದಳು.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಮಜ್ಜಿಗೆ. ಪಲ್ಲೆಗೆ ಉಪ್ಪು ಬಿದ್ದಿರಲಿಲ್ಲ. ನಮ್ಮ ಯಜಮಾನರು ಹಾಕಿಸಿಕೊಂಡು ಉಂಡರು, ಅವ್ವ ಹಾಗೇ ಉಂಡಳು. ಮೊದಲು ಮಲಗಿದವರು ಯಜಮಾನರು. ದಿನಾ ಎಲ್ಲರಿಗಿಂತ ಮುಂಚೆ ಮಲಗುವ ಅವ್ವ ಇವತ್ತು ಗೋಡೆಯ ಕಡೆ ಮುಖ ಮಾಡಿ ಇನ್ನೂ ಎಚ್ಚರವಾಗಿದ್ದಳು.